ಮೂವತ್ತೇಳನೇ ಸೋಬಾನೆ

ರಾಣಿ ಮಧ್ಯಾಹ್ನ ಎರಡು ಗಂಟೆಯೊಳಗೆ ಮೆಮೊರಿ ಕಾರ್ಡು ವಾಪಸು ಕೊಡಬೇಕಿತ್ತು. ಅದು ಬ್ಯಾಟರಾಯನಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಸುರೇಶನದು. ಮಾರನೆಯ ದಿನ ಅವನಿಗೆ ಚಿಕ್ಕಬಾಣಾವರದಲ್ಲಿ ಮದುವೆ ಕೆಲಸ. ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ತುಂಬಿಸಿಕೊಳ್ಳಬೇಕು.

ಕಾರ್ಡಿನಲ್ಲಿದ್ದದ್ದು ರಾಣಿಯ ಅತ್ತೆ ಮುನಿಕೆಂಪಮ್ಮ ಹೋದ ವರ್ಷದ ಮದುವೆಗಳಲ್ಲಿ ಹೇಳಿದ ಅರವತ್ತೆರಡು ಸೋಬಾನೆ ಪದ. ಚಪ್ಪರವಿಲ್ಲದೆ, ಹಸೆಯ ಮೇಲೆ ಹೆಣ್ಣುಗಂಡು ಕೂತಿರದೆ ಅವನ್ನು ಹೇಳುವ ವಾಡಿಕೆ ಆ ಮನೆಯಲ್ಲಿಲ್ಲ. ಮಂಡಿನೋವಿನ ಮುದುಕಿ ಇನ್ನು ಯಾವ ಮದುವೆಗೂ ಹೋಗುವುದಿಲ್ಲವೆಂದು ಹೇಳಿಬಿಟ್ಟಿದ್ದಳು. ಈ ಪದಗಳು ಹೋದರೆ ಹೋದವೇ.

ರಾಣಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಚೆಕ್‌ಸಮ್ ನೋಡುವ ಪ್ರೋಗ್ರಾಮು ಓಡಿಸಿದಳು. ಅದು ಒಂದೊಂದು ಫೈಲನ್ನೂ ಮೊದಲಿಂದ ಕೊನೆಯವರೆಗೆ ಓದಿ ಒಂದು ಉದ್ದನೆಯ ಗುರುತು ಬರೆದುಕೊಳ್ಳುತ್ತದೆ. ಒಳಗೆ ಒಂದು ಚೂರು ಬದಲಾದರೂ ಗುರುತು ಬೇರೆಯಾಗುತ್ತದೆ. ಆ ಗುರುತುಗಳ ಪಟ್ಟಿಗೆ ತಾಳೆ ನೋಡಿದಾಗ ಅರವತ್ತೆರಡಕ್ಕೂ ಹಸಿರು ಬಂತು.

"ಎಲ್ಲಾ ಸರಿಯಾಗಿದೆ ಅತ್ತೆ."

ಮುನಿಕೆಂಪಮ್ಮ ದಂಟಿನ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಯಾವುದ್ರ ಜೊತೆ ಇಟ್ಟು ನೋಡ್ದೆ?"

"ಗುರುತಿನ ಪಟ್ಟಿ ಜೊತೆ."

"ಪಟ್ಟಿ ಎಲ್ಲಿಂದ ಮಾಡ್ಕೊಂಡೆ?"

"ಕಂಪ್ಯೂಟರ್‌ಗೆ ಇಳಿಸಿದ್ನಲ್ಲ, ಅದ್ರಿಂದ..."

"ಅಂಗಾದ್ರೆ ಅದನ್ನ ಅದ್ರ ಜೊತೇಲೇ ನೋಡಿದ್ದೀಯ. ನಿನ್ ಮಗ ತಾನೇ ಲೆಕ್ಕ ಮಾಡಿ ತಾನೇ ರೈಟು ಆಕ್ಕೊಂಡಂಗಾಯ್ತು."

ಅಷ್ಟರಲ್ಲಿ ಸುರೇಶನ ಬೈಕು ಬಾಗಿಲಿಗೆ ಬಂತು. "ಏನಕ್ಕಾ, ಆಯ್ತಾ?"

"ಇಲ್ಲ. ಮೊದಲಿಂದ ಮಾಡ್ಬೇಕು."

ಸುರೇಶ ಒಳಗೆ ಬಂದು ಪರದೆ ನೋಡಿದ. "ಅರವತ್ತೆರಡೂ ಇದೆ, ಸೈಜೂ ಅದೇ ಇದೆ. ಇನ್ನೇನಕ್ಕಾ?"

"ಕಾರ್ಡಿಂದ ಪಟ್ಟಿ ಮಾಡ್ಬೇಕಿತ್ತು ಕಣೋ. ಅದಾಗೋವರೆಗೂ ಕಾರ್ಡ್ ಬಿಡಲ್ಲ."

"ನಾಳೆ ಆರಕ್ಕೆ ಮುಹೂರ್ತ!"

"ಹಾಗಾದ್ರೆ ಬೇಕಾದಷ್ಟು ಹೊತ್ತಿದೆ. ಕೂತ್ಕೊ."

ಸುರೇಶ ಕೂತ. ಮುನಿಕೆಂಪಮ್ಮ ಅವನ ಮುಂದೆ ಒಂದು ಕಂತೆ ಸೊಪ್ಪು ತಳ್ಳಿದಳು. "ಸುಮ್ಕೆ ಕೂತ್ರೆ ಬ್ಯಾಸರ ಆಯ್ತದೆ, ಬಿಡ್ಸು."

ಕಾರ್ಡಿನಿಂದ ಪಟ್ಟಿ ಮಾಡಿ ಕಂಪ್ಯೂಟರಿನ ಫೈಲುಗಳಿಗೆ ತಾಳೆ ನೋಡಲು ಮುಕ್ಕಾಲು ಗಂಟೆ ಹಿಡಿಯಿತು. ಅರವತ್ತೊಂದು ಹಸಿರು. ಮೂವತ್ತೇಳನೆಯದು ಕೆಂಪು.

"ಒಂದು ತಾನೇ ಅಕ್ಕಾ," ಎಂದ ಸುರೇಶ.

ರಾಣಿ ಅದೊಂದನ್ನೇ ಮತ್ತೆ ಇಳಿಸಿದಳು. ಮತ್ತೆ ಕೆಂಪು. ಕಾರ್ಡು ಹಾಕುವ ರೀಡರನ್ನು ಅಲ್ಲಾಡಿಸಿ ನೋಡಿದಳು. ಅದನ್ನು ಚುಚ್ಚಿದ್ದ ಕಂಪ್ಯೂಟರಿನ ಮುಂದಿನ ಯುಎಸ್‌ಬಿ ಕಿಂಡಿ ಸಡಿಲವಾಗಿತ್ತು. ಮೇಜಿನ ಕೆಳಗೆ ತೂರಿ, ಧೂಳಿನಲ್ಲಿ ಮಂಡಿಯೂರಿ, ರೀಡರನ್ನು ಹಿಂದಿನ ಕಿಂಡಿಗೆ ಚುಚ್ಚಿದಳು. ಸಡಿಲ ಕಿಂಡಿಯಿಂದ ಓದಿದ ಯಾವುದನ್ನೂ ಅವಳು ನಂಬುವ ಹಾಗಿರಲಿಲ್ಲ. ಪಟ್ಟಿಯನ್ನು ಹೊಸದಾಗಿ ಮಾಡಿದಳು, ಅರವತ್ತೆರಡನ್ನೂ ಹೊಸದಾಗಿ ಇಳಿಸಿದಳು, ಒಂದೊಂದನ್ನೂ ತಾಳೆ ನೋಡಿದಳು. ಸೊಪ್ಪು ಮುಗಿದು ಸುರೇಶನಿಗೆ ಎರಡು ಸಲ ಕಾಫಿಯೂ ಆಯಿತು. ನಾಲ್ಕೂವರೆಗೆ ಕೊನೆಯ ಸಾಲೂ ಹಸಿರಾಯಿತು.

ಕಾರ್ಡು ಕಿತ್ತು ಅವನ ಕೈಗಿಟ್ಟಳು. "ಈಗ ಅಳಿಸ್ಕೋ."

ಅವನು ಹೋದ ಮೇಲೆ ಮೂವತ್ತೇಳನೆಯದನ್ನು ಹಾಕಿದಳು. ಮುನಿಕೆಂಪಮ್ಮ ತಲೆಯಾಡಿಸುತ್ತ ಕೇಳಿ, ನಡುವೆ ಕೈಯೆತ್ತಿದಳು. "ಇಲ್ಲೊಂದು ಸೊಲ್ಲು ಬಿಟ್ಟೋಗೈತೆ."

ರಾಣಿ ಪರದೆಯತ್ತ ತಿರುಗಿದಳು. "ತಾಳೆ ಆಗಿದೆಯಲ್ಲ ಅತ್ತೆ!"

"ನಾನೇ ಬಿಟ್ಟಿದ್ದು ಕಣಮ್ಮಿ. ಅವತ್ತು ಮದುವೆಣ್ಣು ಅಳ್ತಿದ್ಲು, ಮರ್ತೋಯ್ತು. ಅಂಗೇ ಮಡಗು."

ರಾಣಿ ಹಾಗೇ ಇಟ್ಟಳು. ಆಮೇಲೆ ಎರಡನೇ ಪ್ರತಿ ಮಾಡಲು ಖಾಲಿ ಡಿವಿಡಿಯೊಂದನ್ನು ಹಾಕಿ, ಅದನ್ನೂ ತಾಳೆ ನೋಡಲು ಕಾರ್ಡಿನಿಂದ ಮಾಡಿದ ಪಟ್ಟಿಯನ್ನೇ ತೆರೆದಿಟ್ಟುಕೊಂಡಳು.