ಬೆಳಿಗ್ಗೆಯೇ ಬರೆದಿಟ್ಟ ನೋವು

ನಮ್ಮ ವಾರ್ಡಿನಲ್ಲಿ ಮಕ್ಕಳ ನೋವನ್ನು ಬೆಳಿಗ್ಗೆ ಎಂಟಕ್ಕೇ ಬರೆದು ಮುಗಿಸುತ್ತೇವೆ. ನೋವಿಲ್ಲ ಎಂದರೆ ಸೊನ್ನೆ. ಎಂಟರದು ಸೊನ್ನೆ, ಹನ್ನೆರಡರದು ಸೊನ್ನೆ, ಇನ್ನೂ ಬಾರದ ಸಂಜೆ ನಾಲ್ಕರದೂ ಸೊನ್ನೆ. ಇದನ್ನು ಕಲಿಸಿದವರು ಹಿರಿಯ ನರ್ಸ್ ಕಸ್ತೂರೆಮ್ಮ. ತುಟಿಪಿಟಕ್ಕೆನ್ನದೆ ಕಲಿತವಳು ನಾನು, ಶಮಾ. ಹೇಳಿಕೊಳ್ಳಲು ಹೇಸಿಗೆಯಾಗುತ್ತದೆ, ಆದರೂ ಹೇಳುತ್ತೇನೆ.

ತಿಳಿಯದೆ ಮಾಡಿದೆವು ಎನ್ನುವಂತೆಯೂ ಇಲ್ಲ. ಕಳೆದ ತಿಂಗಳಷ್ಟೇ ಗಂಗಾವತಿಯಿಂದ ನಮ್ಮಿಬ್ಬರನ್ನೂ ಕೊಪ್ಪಳಕ್ಕೆ ತರಬೇತಿಗೆ ಕಳಿಸಿದ್ದರು. ಆಪರೇಷನ್ ಆದ ಮಕ್ಕಳ ನೋವಿನ ಬಗ್ಗೆ ಎರಡು ದಿನ ಪಾಠ, ಕೊನೆಗೆ ಪರೀಕ್ಷೆ. 'ಅಳದ ಮಗುವಿಗೆ ನೋವಿರಬಹುದೇ?' ಎಂಬ ಪ್ರಶ್ನೆಗೆ ಇಬ್ಬರೂ 'ಹೌದು' ಎಂದು ಬರೆದು ಪೂರ್ತಿ ಅಂಕ ಹೊಡೆದೆವು. ಸರ್ಟಿಫಿಕೇಟು ಹಿಡಿದು ಫೋಟೊ ಬೇರೆ. ಮರುದಿನ ಎಂಟಕ್ಕೆ ಮತ್ತೆ ಸೊನ್ನೆ ಬರೆದೆವು.

ಬುಧವಾರ, ಮರಳಿ ಎಂಬ ಹಳ್ಳಿಯ ಏಳು ವರ್ಷದ ಹುಡುಗಿ ಹುಲಗಮ್ಮನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. 'ನೋವಿದ್ದರೆ ಕೊಡಿ' ಎಂದು ಡಾಕ್ಟರು ಔಷಧಿ ಬರೆದಿದ್ದರು. ಗುರುವಾರ ಮಧ್ಯಾಹ್ನದವರೆಗೂ ನಾವು ಅದರ ಒಂದು ಹನಿಯನ್ನೂ ಕೊಟ್ಟಿರಲಿಲ್ಲ. ಹುಡುಗಿ ಅತ್ತಿರಲಿಲ್ಲವಲ್ಲ!

"ಭಾಳ ಛಲೋ ಕೂಸು. ಹಿಂಗಿರಬೇಕು ನೋಡು," ಎಂದಿದ್ದರು ಕಸ್ತೂರೆಮ್ಮ.

ಮೂರು ಗಂಟೆಗೆ ಅವಳ ಹಾಸಿಗೆ ಸರಿಮಾಡಲು ಹೋದೆ. ಮೊಣಕಾಲು ಮಡಚಿ, ಅಲುಗಾಡದೆ ಮಲಗಿದ್ದಳು. ಹಣೆ ತುಂಬ ಬೆವರು. ಹೊದಿಕೆಯ ಅಂಚನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದಳು, ಎಳೆದರೂ ಬರಲಿಲ್ಲ. ಮಣಿಕಟ್ಟು ಹಿಡಿದೆ, ನಾಡಿ ಓಡುತ್ತಿತ್ತು.

"ನೋವು ಐತೇನವ್ವಾ?"

ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ಮಾತ್ರ ನನ್ನ ಕೈ ಬಿಟ್ಟು ಕದಲಲಿಲ್ಲ.

ಪಕ್ಕದಲ್ಲಿದ್ದ ತಾಯಿ ಹನುಮಂತಮ್ಮ ಹೆಮ್ಮೆಯಿಂದ ಹೇಳಿದಳು: "ನಿನ್ನೆ ಥೇಟರಿಂದ ತರೂವಾಗ ನೀವ ಹೇಳಿದ್ರಲ್ರಿ ಸಿಸ್ಟರ್, ಅತ್ರ ಸೂಜಿ ಚುಚ್ತೀನಿ ಅಂತ. ಆವಾಗಿಂದ ಬಾಯಿ ಮುಚ್ಯಾಳ್ರಿ. ಶ್ಯಾಣ್ಯಾಕಿ ಅದಾಳ."

ದಿನಕ್ಕೆ ಹತ್ತು ಮಕ್ಕಳಿಗೆ ಹೇಳುವ ಮಾತು ಅದು. ನೋವು ಇಳಿಸುವ ಸೂಜಿಮದ್ದನ್ನೇ ಗುಮ್ಮನಂತೆ ತೋರಿಸಿ ಬಾಯಿ ಮುಚ್ಚಿಸುವುದು, ಆಮೇಲೆ ಬಾಯಿ ಮುಚ್ಚಿದೆ ಎಂದು ಸೊನ್ನೆ ಬರೆಯುವುದು. ಥೂ, ನಮ್ಮ ಜನ್ಮಕ್ಕೆ!

ಔಷಧಿಯ ಬಾಟಲಿ ತೆಗೆದುಕೊಂಡೆ. ಕಸ್ತೂರೆಮ್ಮ ಅಡ್ಡ ಬಂದರು.

"ಸುಮ್ನ ಮಲಗಿದ್ದನ್ನ ಯಾಕ ಕೆಣಕತಿ? ಹಾಳಿ ಮ್ಯಾಲ ಸೊನ್ನಿ ಐತಿ. ಈಗ ಔಷಧ ಕೊಟ್ರ ಡಾಕ್ಟರಿಗೆ ಏನಂತ ಹೇಳೂದು?"

"ಸುಳ್ಳು ಬರದೀವಿ ಅಂತ ಹೇಳೂದ್ರಿ."

ಅವರು ಏನೋ ಗೊಣಗಿದರು. ನಾನು ಸೊನ್ನೆಗಳನ್ನೆಲ್ಲ ಹೊಡೆದುಹಾಕಿ ಕೆಳಗೆ ಸಹಿ ಮಾಡಿದೆ. ಹೊಸದಾಗಿ ಚುಚ್ಚುವ ಪ್ರಮೇಯವೇ ಇರಲಿಲ್ಲ. ಅವಳ ಕೈಗೆ ಆಗಲೇ ಹಾಕಿದ್ದ ನಳಿಕೆಯಲ್ಲೇ ಔಷಧಿ ಹರಿಯುತ್ತದೆ. ಅದನ್ನು ಅವಳಿಗೆ ಮೊದಲೇ ಬಿಡಿಸಿ ಹೇಳಬೇಕಿತ್ತು. ಅವಸರದಲ್ಲಿ ಅದನ್ನೂ ಹೇಳಲಿಲ್ಲ.

ನಾನು ಬಾಟಲಿ ತೂಗುಹಾಕಿ ಅವಳ ಕೈ ಹಿಡಿದುಕೊಂಡೆ. ಹೊದಿಕೆ ಬಾಯಿಂದ ಜಾರಿತು. ಒಂದು ದಿನದಲ್ಲಿ ಮೊದಲ ಬಾರಿ ಹುಡುಗಿ ಮಾತಾಡಿದಳು:

"ನಾ ಅತ್ತಿಲ್ರೀ ಅಕ್ಕಾರ. ಖರೇನ ಅತ್ತಿಲ್ರಿ. ಅವ್ವನ್ನ ಕೇಳ್ರಿ."