ಹಿತ್ತಲಿನ ದಫೇದಾರ

ಅಕ್ಕ ಬಂದಿಳಿದಾಗ ಜೊತೆಗೆ ಮೂರು ಪೆಟ್ಟಿಗೆ, ಒಂದು ಸುತ್ತಿದ ಹಾಸಿಗೆ, ಒಂದು ಹೆಬ್ಬಾತು ಇದ್ದವು. ಪೆಟ್ಟಿಗೆ, ಹಾಸಿಗೆಗಳ ವಿಷಯ ತಂಗಿಗೆ ಮೊದಲೇ ಗೊತ್ತಿತ್ತು. ಹೆಬ್ಬಾತಿನ ಮಾತು ಮಾತ್ರ ಫೋನಿನಲ್ಲಿ ಬಂದಿರಲಿಲ್ಲ. ಗಾಳಿಯಾಡಲು ತೂತು ಕೊರೆದ ರಟ್ಟಿನ ಡಬ್ಬವನ್ನು ತಬ್ಬಿಕೊಂಡೇ ಅಕ್ಕ ಕಾರಿನಿಂದ ಇಳಿದಳು.

"ಇವಳು ಅಮ್ಮಣ್ಣಿ. ಹುಟ್ಟುವಾಗಲೇ ಕಾಲು ಸೊಟ್ಟ. ಯಾರಿಗೆ ಅಂತ ಕೊಟ್ಟು ಬರಲಿ, ಹೇಳು?"

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನರ್ಸಾಗಿದ್ದವಳು ಅಕ್ಕ. ನಿವೃತ್ತಿಯಾದ ತಿಂಗಳೇ ಕ್ವಾರ್ಟರ್ಸು ಖಾಲಿ ಮಾಡಬೇಕಾಗಿ ಬಂತು. ತಂಗಿ ಮನೆಯ ಮುಂದಿನ ಕೋಣೆಯಲ್ಲಿ ಲೈಬ್ರರಿಗಳ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಗಂಡ ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿತ್ತು, ಹಿತ್ತಲಿನಲ್ಲಿ ಐದು ಹೆಬ್ಬಾತುಗಳಿದ್ದವು. ಅವುಗಳ ಜೊತೆ ಇನ್ನೊಂದು ಎಂದುಕೊಂಡು ತಂಗಿ ಹಿಂಬಾಗಿಲು ತೆರೆದಳು.

ಐದರಲ್ಲಿ ಯಜಮಾನಿಕೆ ದಫೇದಾರನದು. ಬೆಳ್ಳಗೆ, ದಪ್ಪಗೆ, ಎದೆ ಮುಂದೆ ಮಾಡಿಕೊಂಡು ನಡೆಯುವ ಗಂಡು. ಗಂಡ ಬಿಟ್ಟುಹೋದ ವರ್ಷವೇ ತಂಗಿ ಅವನನ್ನು ಅಂಗೈಯಗಲದ ಮರಿಯಾಗಿ ತಂದಿದ್ದಳು. ಅವನು ಅವಳ ಕೈಯಿಂದಲೇ ಸೊಪ್ಪು ತಿನ್ನುತ್ತಿದ್ದ, ಬಟ್ಟೆ ಒಣಹಾಕಲು ಹೋದರೆ ಹಿಂದೆಯೇ ಬರುತ್ತಿದ್ದ, ಪಕ್ಕದ ಮನೆಯ ನಾಯಿ ಬೇಲಿ ನುಸುಳಿದಾಗ ಅದನ್ನು ರಸ್ತೆಯವರೆಗೆ ಅಟ್ಟಿದ್ದ. ಅವನ ಕೆಳಗೆ ಎರಡು ಹಿರಿಯ ಹೆಣ್ಣುಗಳು, ಯಾರ ತಂಟೆಗೂ ಹೋಗದ ಇನ್ನೊಂದು ಗಂಡು ಸಾಧು, ಹೋದ ವರ್ಷವಷ್ಟೇ ಮೊಟ್ಟೆಯೊಡೆದು ಹೊರಬಂದ ಚಿಕ್ಕಿ.

ಅಮ್ಮಣ್ಣಿ ಕಾಲೆಳೆಯುತ್ತಾ ಅಂಗಳಕ್ಕೆ ಇಳಿದಳೋ ಇಲ್ಲವೋ, ದಫೇದಾರ ಕತ್ತನ್ನು ನೆಲಕ್ಕೆ ಚಾಚಿ ಬುಸ್ಸೆಂದು ಬಂದು ಅವಳ ರೆಕ್ಕೆಯ ಬುಡಕ್ಕೆ ಬಾಯಿ ಹಾಕಿದ. ಒಂದು ಹಿಡಿ ಪುಕ್ಕ ಗಾಳಿಗೆ ಹಾರಿತು.

"ಮೊದಲ ದಿನ ಅಲ್ವಾ, ಗದರಿಸ್ತಾನೆ ಅಷ್ಟೆ," ಎಂದಳು ತಂಗಿ. "ಅವರವರೇ ಸರಿಹೋಗ್ತಾರೆ ಬಿಡು."

ಅಕ್ಕ ಬಗ್ಗಿ ಪುಕ್ಕಗಳನ್ನು ಆರಿಸಿಕೊಂಡಳು. ಬಂದ ದಿನವೇ ಬಾಯಿ ಮಾಡುವುದು ಹೇಗೆ?

ಅವರವರೇ ಸರಿಹೋಗಲಿಲ್ಲ. ದಫೇದಾರ ಅಮ್ಮಣ್ಣಿಯನ್ನು ನೀರಿನ ತೊಟ್ಟಿಯ ಹತ್ತಿರ ಬಿಡುತ್ತಿರಲಿಲ್ಲ. ತಂಗಿ ಎರಡನೆಯ ತೊಟ್ಟಿ ಇಟ್ಟಳು. ಅವನು ಎರಡಕ್ಕೂ ಕಾವಲು ನಿಂತ. ಬಿದ್ದವರಿಗೆ ಆಳಿಗೊಂದು ಕಲ್ಲು ಎನ್ನುತ್ತಾರಲ್ಲ, ಹಾಗೆ ವಾರ ಕಳೆಯುವುದರೊಳಗೆ ಹಿರಿಯ ಹೆಣ್ಣುಗಳೂ ಹೋಗಿಬರುವಾಗೆಲ್ಲ ಅವಳಿಗೊಂದು ಕುಕ್ಕು ಕೊಡತೊಡಗಿದವು. ಅಮ್ಮಣ್ಣಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಸೇರಿಕೊಂಡಳು. ಅಕ್ಕ ಒಂದು ಬಟ್ಟಲಲ್ಲಿ ನೀರು, ಇನ್ನೊಂದರಲ್ಲಿ ನೆನೆಸಿದ ಕಾಳು ಹಿಡಿದು ದಿನಕ್ಕೆ ಮೂರು ಸಲ ಆ ಕಲ್ಲಿನ ಹಿಂದೆ ಕೂರುತ್ತಿದ್ದಳು. ವಾರ್ಡಿನ ವೇಳಾಪಟ್ಟಿ ಅವಳನ್ನು ಬಿಟ್ಟಿರಲಿಲ್ಲ.

ಒಂದು ದಿನ ಅಂಗಡಿಗೆ ಹೋಗಿಬಂದವಳಿಗೆ ಅಮ್ಮಣ್ಣಿ ಗೋಡೆಯ ಮೂಲೆಯಲ್ಲಿ ಸಿಕ್ಕಳು. ಕತ್ತಿನ ಹಿಂದೆ ಪುಕ್ಕ ಕಿತ್ತು, ಚರ್ಮ ಹರಿದು ರಕ್ತ ಬಂದಿತ್ತು. ಮೂರು ಹೆಬ್ಬಾತುಗಳು ಸುತ್ತ ನಿಂತಿದ್ದವು. ಅಕ್ಕ ಪೊರಕೆ ಬೀಸಿ ಅವನ್ನು ಅಟ್ಟಿ, ಗಾಯ ತೊಳೆದು, ಔಷಧಿ ಹಚ್ಚಿ, ಆಮೇಲೆ ಮುಂದಿನ ಕೋಣೆಗೆ ಬಂದಳು. ತಂಗಿ ಅಂಟು ಕಲಸುತ್ತಿದ್ದಳು.

"ನಿನ್ನ ದಫೇದಾರನನ್ನ ಬೇರೆ ಕಡೆ ಇಡು."

"ನಾಲ್ಕು ವರ್ಷದಿಂದ ಆ ಹಿತ್ತಲು ಅವನದು ಅಕ್ಕ. ಬಂದವರು ಸ್ವಲ್ಪ ತಗ್ಗಿ ನಡೀಬೇಕಪ್ಪ."

ಹೇಳಿದ ಮೇಲೆ ತಂಗಿಗೆ ತನ್ನ ಮಾತು ಕೇಳಿಸಿತು. ಅಕ್ಕ ಕೈಯಲ್ಲಿದ್ದ ಹತ್ತಿಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದಳು.

"ತಗ್ಗಿಯೇ ನಡೀತಿದೀನಿ," ಎಂದು ಒಳಗೆ ಹೋದಳು.

ಆ ಸಂಜೆ ತಂಗಿ ತಾನಾಗಿಯೇ ಅಮ್ಮಣ್ಣಿಯನ್ನು ಉಗ್ರಾಣದ ಕೋಣೆಗೆ ಸಾಗಿಸಿ ಹುಲ್ಲು ಹಾಸಿದಳು. ಗಾಯ ಒಣಗಲು ಆರು ದಿನ ಹಿಡಿಯಿತು. ಏಳನೆಯ ದಿನ ಹೊರಗೆ ಬಿಟ್ಟರೆ ದಫೇದಾರ ಅವಳನ್ನು ಹಿಂದೆ ಕಂಡೇ ಇಲ್ಲದವನಂತೆ ಮೇಲೆ ಬಿದ್ದ. ಈ ಸಲ ಸಾಧು ಒಬ್ಬನನ್ನು ಬಿಟ್ಟು ಎಲ್ಲರೂ ಸೇರಿಕೊಂಡರು.

ಪಶುವೈದ್ಯೆಯನ್ನು ಕರೆಸಬೇಕಾಯಿತು. ಅವರು ಗಿಡ್ಡ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಬಂದವರು. ಗಾಯ ನೋಡಿದ್ದು ಎರಡು ನಿಮಿಷ, ಹಿತ್ತಲು ನೋಡಿದ್ದು ಅರ್ಧ ಗಂಟೆ.

"ಪೆಟ್ಟು ತಿಂದವಳನ್ನೇ ಜೈಲಿಗೆ ಹಾಕಿದ್ರಾ?" ಎಂದರು. "ಆರು ದಿನ ಕಣ್ಣಿಗೆ ಬೀಳದಿದ್ರೆ ಅವಳು ಮತ್ತೆ ಪರಕೀಯಳೇ. ಹೊಡೆಯೋನನ್ನ ತೆಗೀರಿ. ಇವರು ಕಾಣದ ಜಾಗದಲ್ಲಿ ಹತ್ತು ದಿನ ಇಡಿ. ಅವನ ಜಾಗ ಬೇರೆಯವರು ತಗೊಳ್ಳಲಿ. ಮೊಟ್ಟೆ ಇಡೋ ಕಾಲ ಬೇರೆ, ಗಂಡಿನ ತಲೆ ಕಾದಿರುತ್ತೆ."

"ಅವನು ಅನ್ನ ನೀರು ಬಿಟ್ಟುಬಿಟ್ರೆ?" ಎಂದಳು ತಂಗಿ.

"ಒಂದು ಹೊತ್ತು ಬಿಡ್ತಾನೆ. ಎರಡನೇ ಹೊತ್ತು ತಿಂತಾನೆ."

ಹೋಗುವಾಗ ಅವರು ಇನ್ನೂ ಕೆಲವು ಹೇಳಿದರು. ಕಾಳಿನ ಬಟ್ಟಲು ಎರಡಲ್ಲ, ನಾಲ್ಕು ಇಡಬೇಕು. ಒಂದರ ಹತ್ತಿರ ನಿಂತವನಿಗೆ ಇನ್ನೊಂದು ಕಾಣದಷ್ಟು ದೂರ ಇರಬೇಕು. ಸಿಕ್ಕಿಬೀಳುವಂಥ ಮೂಲೆಗಳಿಗೆ ಹಲಗೆ ಅಡ್ಡ ಕೊಟ್ಟು ಮುಚ್ಚಬೇಕು; ಓಡುವವರಿಗೆ ಯಾವಾಗಲೂ ಎರಡು ದಾರಿ ಇರಬೇಕು.

ತಂಗಿ ದಫೇದಾರನನ್ನು ತಾನೇ ಎತ್ತಿದಳು. ರೆಕ್ಕೆಗಳನ್ನು ಕಂಕುಳಲ್ಲಿ ಒತ್ತಿ, ತಲೆ ಹಿಂದಕ್ಕೆ ಬರುವಂತೆ ಹಿಡಿದು, ಕಾಗದದ ಬಂಡಲು ಇಡುವ ಮುಂದಿನ ಶೆಡ್ಡಿಗೆ ಒಯ್ದಳು. ಅವನು ಒದ್ದಾಡಲಿಲ್ಲ, ಅವಳ ಜೊತೆ ಎಲ್ಲಿಗೋ ಹೊರಟಿದ್ದೇನೆ ಎಂದುಕೊಂಡಂತಿತ್ತು. ಬಾಗಿಲು ಹಾಕಿದ ಮೇಲೆ ಕೂಗಲು ಶುರುಮಾಡಿದ. ಶೆಡ್ಡಿಗೂ ಅವಳ ಕೆಲಸದ ಕೋಣೆಗೂ ನಡುವೆ ಒಂದೇ ಗೋಡೆ. ಆ ದಿನ ಅವಳು ಎರಡು ಪುಸ್ತಕಗಳಿಗೆ ತಲೆಕೆಳಗಾಗಿ ರಟ್ಟು ಅಂಟಿಸಿದಳು.

ಹೆತ್ತವರಿಗೆ ಹೆಗ್ಗಣ ಮುದ್ದು. ಸಂಜೆ ಅವಳು ಶೆಡ್ಡಿಗೆ ಹೋಗಿ ಬಂಡಲಿನ ಮೇಲೆ ಕೂತು ಸೊಪ್ಪು ಚಾಚಿದಳು. ಅವನು ಮುಖ ತಿರುಗಿಸಿದ. ಬೆಳಿಗ್ಗೆ ತಿಂದ.

ಇತ್ತ ಹಿತ್ತಲು ತಣ್ಣಗಾಯಿತು. ಎರಡು ದಿನ ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೂರನೆಯ ದಿನ ಸಾಧು ಮುಂದೆ ನಡೆದ, ಉಳಿದವರು ಹಿಂದೆ ಹೋದರು. ಅಮ್ಮಣ್ಣಿ ಕಲ್ಲಿನ ಮರೆಯಿಂದ ಹೊರಬಂದು, ತೊಟ್ಟಿಯಲ್ಲಿ ಕತ್ತು ಮುಳುಗಿಸಿ, ಬೆನ್ನಿನ ಮೇಲೆ ನೀರು ಎರಚಿಕೊಂಡಳು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ತಂಗಿ ನೋಡಲಿಲ್ಲ.

ಹತ್ತು ದಿನ ಕಳೆದು ದಫೇದಾರ ಹಿಂದಿರುಗಿದಾಗ ಮೊದಲು ಮಾಡಿದ್ದು ಅಮ್ಮಣ್ಣಿಯತ್ತ ಕತ್ತು ಚಾಚಿದ್ದು. ಸಾಧು ನಡುವೆ ಬಂದ. ಎದೆಗೆ ಎದೆ ತಾಗಿತು, ರೆಕ್ಕೆಗಳ ಬಡಿತ ಕೇಳಿಸಿತು, ಧೂಳೆದ್ದಿತು. ತಂಗಿ ನುಗ್ಗಲು ಹೋದಾಗ ಅಕ್ಕ ಅವಳ ಮೊಣಕೈ ಹಿಡಿದಳು.

"ಬೇಡ. ಇಪ್ಪತ್ತರವರೆಗೆ ಎಣಿಸು. ರಕ್ತ ಕಂಡ್ರೆ ಮಾತ್ರ ಹೋಗೋಣ."

ತಂಗಿ ಹದಿನಾಲ್ಕಕ್ಕೆ ಬಂದಿದ್ದಾಗ ದಫೇದಾರ ಹಿಂದೆ ಸರಿದ. ದೂರ ಹೋಗಿ ನಿಂತು, ಏನೂ ಆಗದವನಂತೆ ಪುಕ್ಕ ಸರಿಮಾಡಿಕೊಳ್ಳತೊಡಗಿದ.

"ಕೊಬ್ಬು ಇಳೀತು," ಎಂದಳು ಅಕ್ಕ. ತಂಗಿಯ ಮುಖ ನೋಡಿ, "ಒಳ್ಳೇದೇ ಆಯ್ತು ಅಂದೆ," ಎಂದು ಸೇರಿಸಿದಳು. ಅದರಿಂದ ಮಾತೇನೂ ಮೃದುವಾಗಲಿಲ್ಲ.

ಎರಡು ವಾರ ಶಾಂತವಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ತೊಟ್ಟಿಯ ಪಕ್ಕ ಮತ್ತೆ ಪುಕ್ಕ ಬಿದ್ದಿದ್ದವು. ಅಕ್ಕ ಪೊರಕೆ ಹಿಡಿದು ನೇರ ದಫೇದಾರನ ಕಡೆಗೆ ಹೋದಳು. ಅವನು ಬೇಲಿಯ ಹತ್ತಿರ ಒಬ್ಬನೇ ಹುಲ್ಲು ಮೇಯುತ್ತಿದ್ದ. ಯಾವ ತಪ್ಪಿಗೆ ಎಂದು ತಿಳಿಯದೆ ಓಡಿದ. ಪುಕ್ಕಗಳು ಬಿಳಿಯವಲ್ಲ, ಬೂದು ಎಂಬುದನ್ನು ತಂಗಿ ಆಗಲೇ ನೋಡಿದ್ದಳು. ಬೂದು ಬಣ್ಣದವರು ಇಬ್ಬರೇ: ಅಮ್ಮಣ್ಣಿ ಮತ್ತು ಚಿಕ್ಕಿ. ಅಮ್ಮಣ್ಣಿಯ ಮೈಮೇಲೆ ಗಾಯವಿರಲಿಲ್ಲ.

ಮಧ್ಯಾಹ್ನ ತಂಗಿ ಅಡುಗೆಮನೆಯ ಕಿಟಕಿಯಿಂದ ಅಕ್ಕನನ್ನು ಕೈಸನ್ನೆ ಮಾಡಿ ಕರೆದಳು. ಹೊರಗೆ ಅಮ್ಮಣ್ಣಿ, ಸೊಟ್ಟ ಕಾಲು ಊರಿಕೊಂಡು, ಚಿಕ್ಕಿಯ ಕತ್ತನ್ನು ಕಚ್ಚಿ ಹಿಡಿದು ಗೋಡೆಗೆ ಒತ್ತಿದ್ದಳು. ಚಿಕ್ಕಿ ರೆಕ್ಕೆ ಬಡಿಯುವುದನ್ನೂ ಬಿಟ್ಟು ಸುಮ್ಮನೆ ನಿಂತಿದ್ದಳು.

"ಆಟ ಆಡ್ತಿರ್ಬೇಕು," ಎಂದಳು ಅಕ್ಕ.

ತಂಗಿ ಪಕ್ಕಕ್ಕೆ ಸರಿದು ಅಕ್ಕನಿಗೆ ಕಿಟಕಿ ಬಿಟ್ಟುಕೊಟ್ಟಳು. ಉತ್ತರ ಕೊಡಬಹುದಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ ಇನ್ನಷ್ಟು ಹೊತ್ತು ನೋಡಿದಳು. ಆಮೇಲೆ ಹೊರಗೆ ಹೋಗಿ, ಅಮ್ಮಣ್ಣಿಯ ಕೊಕ್ಕು ಬಿಡಿಸಿ, ತಂಗಿ ಮಾಡಿದ ಹಾಗೆಯೇ ತಲೆ ಹಿಂದಕ್ಕೆ ಮಾಡಿ ಕಂಕುಳಲ್ಲಿ ಅವುಚಿಕೊಂಡು ಶೆಡ್ಡಿಗೆ ನಡೆದಳು.

ಒಂದು ಗಂಟೆಯಾದರೂ ಬರಲಿಲ್ಲ. ಊಟಕ್ಕೆ ಕರೆಯಲು ತಂಗಿ ಹೋದಾಗ ಅಕ್ಕ ಬಂಡಲಿನ ಮೇಲೆ ಕೂತಿದ್ದಳು. ಅಮ್ಮಣ್ಣಿ ಬಾಗಿಲ ಸಂದಿಗೆ ಕೊಕ್ಕು ತೂರಿಸಿ ಕೂಗುತ್ತಿದ್ದಳು.

"ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯರು ನನ್ನನ್ನ ಏನಂತ ಕರೀತಿದ್ರು ಗೊತ್ತಾ?" ಎಂದಳು ಅಕ್ಕ. "ಹದ್ದು ಅಂತ. ನನ್ನ ಕಿವಿಗೆ ಬಿದ್ದಾಗ ನಗು ಬಂದಿತ್ತು. ಕೆಲಸ ಕಲೀಲಿ ಅಂತ ಬೈತಿದ್ದೆ, ಅಷ್ಟೆ ಅಂದ್ಕೊಂಡಿದ್ದೆ. ಒಬ್ಬಳು ಬಟ್ಟೆ ಇಡೋ ಕೋಣೇಲಿ ಕೂತು ಅಳ್ತಿದ್ಲು. ಬಾಗಿಲು ತೆಗೆದು ನೋಡಿ, ಹಾಗೇ ಮುಚ್ಚಿ ಬಂದೆ. ನಾನು ಸೇರಿದ ವರ್ಷ ಅದೇ ಕೋಣೇಲಿ ಅತ್ತವಳು, ನಾನು."

ತಂಗಿ ಪಕ್ಕದ ಬಂಡಲಿನ ಮೇಲೆ ಕೂತಳು. ಅಕ್ಕನ ತೋಳಿಗೆ ಅಂಟಿದ್ದ ಪುಕ್ಕ ತೆಗೆದು, "ಸಾರು ಆರಿಹೋಗತ್ತೆ, ಬಾ," ಎಂದಳು.

ಅಮ್ಮಣ್ಣಿಗೆ ಹತ್ತು ದಿನ ಬೇಕಾಗಲಿಲ್ಲ, ನಾಲ್ಕು ಸಾಕಾಯಿತು. ಹಿಂದಿರುಗಿದವಳು ಒಂದೆರಡು ಸಲ ಚಿಕ್ಕಿಯತ್ತ ಕತ್ತು ಚಾಚಿದಳು; ಹಿರಿಯ ಹೆಣ್ಣು ಒಂದು ಕುಕ್ಕು ಕೊಟ್ಟ ಮೇಲೆ ಬಿಟ್ಟಳು. ಹಿತ್ತಲೇನೂ ಆಶ್ರಮವಾಗಲಿಲ್ಲ. ಕಾಳು ಹಾಕುವ ಹೊತ್ತಿಗೆ ನೂಕಾಟ, ಬುಸುಗುಟ್ಟುವುದು ಇದ್ದೇ ಇತ್ತು, ಪುಕ್ಕವೂ ಆಗಾಗ ಹಾರುತ್ತಿತ್ತು. ರಕ್ತ ಮಾತ್ರ ಮತ್ತೆ ಬರಲಿಲ್ಲ. ಬೆಳಿಗ್ಗೆ ಎರಡು ಬಟ್ಟಲುಗಳನ್ನು ಅಕ್ಕ ಬೇಲಿಯ ಕಡೆಯಿಂದ, ಎರಡನ್ನು ತಂಗಿ ಬಾವಿಯ ಕಡೆಯಿಂದ ಒಂದೇ ಸಲಕ್ಕೆ ಕೆಳಗಿಡುತ್ತಿದ್ದರು. ಒಬ್ಬರು ತಡ ಮಾಡಿದರೆ ಇನ್ನೊಬ್ಬರು ಕಾಯುತ್ತಿದ್ದರು.