ಅಕ್ಕಿಗೆ ಗೊರಬು ಹೊದಿಸಿದ ಥೀನ್ ದೊಡ್ಡಪ್ಪ

ಥೀನ್ ದೊಡ್ಡಪ್ಪ ನೆಟ್ಟಗೆ ನಡೆದದ್ದನ್ನು ನಾನು ಕಂಡವಳಲ್ಲ. ಕೈಯಲ್ಲಿ ಏನೂ ಇಲ್ಲದಾಗಲೂ ಆತನ ದೇಹ ಬಲಕ್ಕೆ ತುಸು ವಾಲಿಕೊಂಡು, ಎಡಗೈ ಮುಂದಕ್ಕೆ ಚಾಚಿ, ಬಲಗೈ ಭುಜದೆತ್ತರದಲ್ಲಿ ಯಾವುದೋ ಅದೃಶ್ಯ ಗೂಟವನ್ನು ಹಿಡಿದಂತೆ ನಿಂತು, ಕುಡಿದ ಗೆಳೆಯನೊಬ್ಬನನ್ನು ಉಪಾಯವಾಗಿ ಮನೆ ಮುಟ್ಟಿಸುತ್ತಿರುವ ಸಜ್ಜನನ ಹಾಗೆ ಅವನು ದಾರಿಯ ಅಂಚು ಹಿಡಿದು ನಡೆಯುತ್ತಿದ್ದ. ಮದುವೆಗೆ ಹೋದರೂ ಅದೇ ನಡಿಗೆ, ಮಸಣಕ್ಕೆ ಹೋದರೂ ಅದೇ. ಹರೆಯದಲ್ಲಿ ಮಡಕೆ ಸುಡುವ ಗೂಡಿನಿಂದ ಸಂತೆಗೆ ಸೈಕಲ್ಲಿನ ಮೇಲೆ ಮಡಕೆ ಹೇರಿ ತಳ್ಳಿದವನು, ಆಮೇಲೆ ಯುದ್ಧಕ್ಕೆ ಅಕ್ಕಿ ಹೇರಿ ತಳ್ಳಿದವನು. ಆ ಸೈಕಲ್ಲನ್ನು ಅವನು ಒಂದು ದಿನವೂ ಏರಿ ಕೂತದ್ದಿಲ್ಲ. ಏರಲು ಬರುತ್ತಿರಲಿಲ್ಲವೆಂಬುದು ನಮ್ಮ ತಂಡಕ್ಕೆಲ್ಲ ತಿಳಿದಿದ್ದ ಗುಟ್ಟು.

ನಮ್ಮಲ್ಲಿ ಥೀನ್ ಎಂದರೆ ಡ್ರ್ಯಾಗನ್ ವರ್ಷದಲ್ಲಿ ಹುಟ್ಟಿದವನು. ನಮ್ಮ ತಂಡದ ಬಾಯಿಬಡುಕಿ ಗಾಮ್ ಅಕ್ಕನಿಗೆ ಆ ಹೆಸರೇ ದಿನದ ಹಬ್ಬ. "ಹೆಸರು ನೋಡಿದ್ರೆ ಡ್ರ್ಯಾಗನ್ನು, ನಡಿಗೆ ನೋಡಿದ್ರೆ ಆಮೆ! ದೊಡ್ಡಪ್ಪ, ನೀವು ಮುಟ್ಟೋ ಹೊತ್ತಿಗೆ ಯುದ್ಧ ಮುಗಿದು ಸೈನಿಕರಿಗೆ ಮೊಮ್ಮಕ್ಕಳಾಗಿರ್ತವೆ!" ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು. ಅವನು ತಿರುಗದೆ, ಉಸಿರು ಕೆಡಿಸಿಕೊಳ್ಳದೆ, "ಮೊಮ್ಮಕ್ಕಳೂ ಉಣ್ಣಬೇಕಲ್ಲವ್ವ" ಎನ್ನುತ್ತಿದ್ದ.

ಅದು ದಿಯೆನ್ ಬಿಯೆನ್ ಕಣಿವೆಯಲ್ಲಿ ನಮ್ಮವರು ಫ್ರೆಂಚರ ಪಾಳೆಯವನ್ನು ಸುತ್ತುವರಿದಿದ್ದ ವಸಂತ. ಥಾನ್ ಹ್ವಾದ ಬಯಲಿನಿಂದ ಆ ಕಣಿವೆಗೆ ತಿಂಗಳು ಮೀರುವ ದಾರಿ. ನಡುವೆ ಕಾಡು, ಹೊಳೆ, ಮತ್ತೆ ಕಾಡು, ಮೋಡದೊಳಗೆ ತಲೆಯಿಟ್ಟ ಘಟ್ಟಗಳು. ನನಗಾಗ ಇಪ್ಪತ್ತೆರಡು. ಹನ್ನೆರಡು ಸೈಕಲ್ಲುಗಳ ನಮ್ಮ ತಂಡಕ್ಕೆ ಅಡುಗೆಯ ಪಾತ್ರೆ, ಔಷಧದ ಚೀಲಗಳನ್ನು ಹೆಗಲ ಮೇಲಿನ ಬಿದಿರಿನ ಅಡ್ಡೆಯಲ್ಲಿ ತೂಗಹಾಕಿ ಹೊರುವುದು ನನ್ನ ಪಾಲಿನ ಕೆಲಸ. ಅಕ್ಷರ ಬಲ್ಲವಳೆಂದು ಉಳಿದವರಿಗೆ ಓದು ಕಲಿಸುವುದೂ ನನ್ನದೇ. ಮುಖಂಡ ಲ್ವಾನ್ ನನಗಿಂತ ಮೂರು ವರ್ಷ ದೊಡ್ಡವನು, ಪಟ್ಟಣದಲ್ಲಿ ಓದುತ್ತಿದ್ದವನು, ಶಿಸ್ತಿನ ಮನುಷ್ಯ. ನಿಂತುಹೋದ ಕೈಗಡಿಯಾರವನ್ನು ಸಹ ದಿನಕ್ಕೆ ನಾಲ್ಕು ಸಲ ನೋಡಿಕೊಳ್ಳುತ್ತಿದ್ದ.

ಥೀನ್ ದೊಡ್ಡಪ್ಪನ ಸೈಕಲ್ಲು ಸೈಕಲ್ಲೆನ್ನಿಸಿಕೊಳ್ಳುವ ಲಕ್ಷಣಗಳನ್ನೆಲ್ಲ ಎಂದೋ ಕಳೆದುಕೊಂಡಿತ್ತು. ಸೀಟಿನ ಜಾಗದಲ್ಲಿ ಬಿದಿರಿನ ಗೂಟ, ಹ್ಯಾಂಡಲ್ಲಿಗೆ ಮಾರುದ್ದದ ಬಿದಿರಿನ ತೋಳು, ಚೌಕಟ್ಟಿಗೆಲ್ಲ ಮರದ ಪಟ್ಟಿಗಳ ಕಟ್ಟು. ಕಲ್ಲುದಾರಿಗೆ ಟ್ಯೂಬು ಬಾಳಲೆಂದು ಅವನು ತನ್ನ ಪ್ಯಾಂಟಿನ ಎರಡೂ ಕಾಲುಗಳನ್ನು ಮಂಡಿಯವರೆಗೆ ಹರಿದು ಟೈರಿನೊಳಗೆ ಸುತ್ತಿದ್ದ. ಹಾಗಾಗಿ ಕಾಡಿನ ರಕ್ತ ಹೀರುವ ಇಂಬಳಗಳಿಗೆ ಆ ಎರಡು ಒಣಕಲು ಕಣಕಾಲುಗಳು ನಿತ್ಯ ತೆರೆದ ಛತ್ರ. ಇನ್ನೂರು ಕಿಲೋ ದಾಟಿದ ಅಕ್ಕಿ ಆ ಬಡಪಾಯಿ ಗಾಲಿಗಳ ಮೇಲೆ ಕೂತು ಬೆಟ್ಟ ಹತ್ತುತ್ತಿತ್ತು. ಮಳೆ ಬಂದರೆ ನಾವೆಲ್ಲ ತಾಳೆಗರಿಯ ಗೊರಬುಗಳನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೆವು. ಅವನು ತನ್ನ ಗೊರಬನ್ನು ಮೂಟೆಗಳಿಗೆ ಹೊದಿಸಿ, ಅಂಚನ್ನು ಜೋಪಾನವಾಗಿ ಸಿಕ್ಕಿಸಿ, ತಾನು ತೊಯ್ದ ಕಾಗೆಯಂತಾಗಿ ನಡೆಯುತ್ತಿದ್ದ. "ನಾನು ಒದ್ದೆಯಾದ್ರೆ ಒಣಗ್ತೀನಿ. ಅಕ್ಕಿ ಒದ್ದೆಯಾದ್ರೆ ಮೊಳೆಯುತ್ತೆ" ಎಂಬುದು ಅವನ ಸಮಾಧಾನ.

ಅಕ್ಕಿಯ ವಿಷಯದಲ್ಲಿ ಅವನಿಗಿದ್ದದ್ದು ಭಕ್ತಿಯೋ ಭಯವೋ ನಾನು ಬಹುಕಾಲ ಅರಿಯದೆ ಹೋದೆ. ಮೂಟೆಯ ಹೊಲಿಗೆಗೆ ಮೂಗಿಟ್ಟು ಮೂಸಿ, ಇದು ಹೊಳೆದಂಡೆಯದು, ಇದು ಉಪ್ಪುನೆಲದ್ದು, ಇದು ಕಳೆದ ಸುಗ್ಗಿಯದು ಎಂದು ಹೇಳಬಲ್ಲವನಾಗಿದ್ದ. ದಾರಿಯ ಊಟಕ್ಕೆಂದು ನಮಗೆಲ್ಲ ಬೇರೆ ಚೀಲದಲ್ಲಿ ಅಕ್ಕಿಯಿತ್ತು. ತನ್ನ ಪಾಲಿನಲ್ಲೂ ಅವನು ಅರ್ಧವನ್ನು ಆ ಚೀಲಕ್ಕೇ ಮರಳಿಸಿ ಕಾಡುಬಾಳೆಯ ದಿಂಡು, ಕೆಸುವಿನ ಗೆಡ್ಡೆ ಬೇಯಿಸಿ ಹೊಟ್ಟೆ ತುಂಬಿಸುತ್ತಿದ್ದ. ಬಟ್ಟಲಿನಿಂದ ಒಂದಗುಳು ಜಾರಿದರೆ ಒರಟು ಬೆರಳಿಗೆ ಉಗುಳು ತಾಗಿಸಿ ಅದನ್ನು ಎತ್ತಿಕೊಳ್ಳುವಾಗ ಅವನ ಮುಖದಲ್ಲಿ, ಮಗುವಿನ ಕಣ್ಣಿಗೆ ಬಿದ್ದ ಕಸ ತೆಗೆಯುವವರ ಏಕಾಗ್ರತೆ ಕಾಣಿಸುತ್ತಿತ್ತು.

ಕಾರಣ ನನಗೆ ತಿಳಿದದ್ದು ಓದಿನ ಪಾಠದಿಂದ. ನಡೆಯುತ್ತಲೇ ಕಲಿಯಲೆಂದು ದಿನಕ್ಕೊಂದು ಅಕ್ಷರವನ್ನು ಇದ್ದಿಲಿನಿಂದ ಹಲಗೆಯ ಮೇಲೆ ಬರೆದು ನನ್ನ ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದೆ. ಹಿಂದೆ ಬರುವವರು ಅದನ್ನು ನೋಡುತ್ತ, ಗುನುಗುತ್ತ ಬರಬೇಕು. ನನ್ನ ಹಿಂದೆಯೇ ಬರುವವನು ಥೀನ್ ದೊಡ್ಡಪ್ಪ. ಐವತ್ತರ ಆ ತಲೆಗೆ ಅಕ್ಷರ ಹತ್ತುವುದು ಘಟ್ಟಕ್ಕೆ ಸೈಕಲ್ಲು ಹತ್ತಿಸಿದಷ್ಟೇ ಪ್ರಯಾಸದ್ದಾಗಿತ್ತು. ಒಂದು ಮುಂಜಾನೆ, ಮಂಜು ಇಳಿದು, ಬಾಂಬು ಹಾಕಲು ಬರುವ ಫ್ರೆಂಚರ ವಿಮಾನಗಳ ಸದ್ದಡಗಿದ್ದ ಹೊತ್ತು, ಒಲೆಯ ಬಳಿ ಕುಕ್ಕರಗಾಲಲ್ಲಿ ಕೂತಿದ್ದವನು ಸಂಕೋಚದಿಂದ ಕೇಳಿದ:

"ಟೀಚರಮ್ಮ, ನೂ ಅಂತ ಬರೆಯೋದು ಹೆಂಗೆ?"

ನಾನು ಬೂದಿಯ ಮೇಲೆ ಬೆರಳಿನಿಂದ ಬರೆದೆ. ನಮ್ಮ ಲಿಪಿಯಲ್ಲಿ ಅದು ಎರಡೇ ಅಕ್ಷರ. ಮೊಗ್ಗು ಎಂದು ಅರ್ಥ. ಅವನು ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ ನೋಡಿದ.

"ಇಷ್ಟೇನಾ?"

"ಇಷ್ಟೇ."

"ಹೂಂ. ಅವಳೂ ಚಿಕ್ಕೋಳೇ ಇದ್ಲು."

ಒಂಬತ್ತು ವರ್ಷ ಹಿಂದಿನ ಕೋಳಿಯ ವರ್ಷದ ಮಹಾಕ್ಷಾಮ ನಮ್ಮ ಬಯಲಿನಲ್ಲಿ ಯಾರ ಮನೆಯನ್ನೂ ಬಿಟ್ಟಿರಲಿಲ್ಲವಾದ್ದರಿಂದ ನಾನು ಬೇರೇನೂ ಕೇಳಬೇಕಾಗಿರಲಿಲ್ಲ. ಅವನೇ ಒಂದು ಮಾತು ಸೇರಿಸಿದ. ಹೆಂಡತಿ ಮೊದಲು ಹೋದಳಂತೆ. ಆರು ವರ್ಷದ ನೂ, ಕೊನೆಯ ದಿನ, ಅಪ್ಪನ ಅಂಗಿಯನ್ನು ಮೂಸಿ, ಅಕ್ಕಿಯ ವಾಸನೆ ಬರ್ತಿದೆ ಎಂದಳಂತೆ. ಹಿಂದಿನ ದಿನ ಅವನು ಯಾರದೋ ಕಣಜದಿಂದ ಯಾರದೋ ಬಂಡಿಗೆ ಅಕ್ಕಿ ಹೊತ್ತಿದ್ದ. "ಹೊತ್ತಿದ್ದೆ, ಅಷ್ಟೆ. ತಂದಿರಲಿಲ್ಲ" ಎಂದು ಅವನು ಎದ್ದುಹೋಗಿ ಸೈಕಲ್ಲಿನ ಹಗ್ಗ ಬಿಗಿಯತೊಡಗಿದ.

ಏಪ್ರಿಲ್ ನಡುವಿನ ಒಂದು ಮಧ್ಯಾಹ್ನ ದೊಡ್ಡ ಘಟ್ಟದ ಬುಡದ ಕಾಡಿನಲ್ಲಿ ನಾವು ಮಳೆಗೆ ನಿಂತಿದ್ದೆವು. ಮೇಲಿನಿಂದ ಗಾಯಾಳುಗಳನ್ನು ಹೊತ್ತ ಡೋಲಿಗಳು ಇಳಿದು ಬಂದವು. ಹನ್ನೊಂದು ಡೋಲಿ, ಹೊತ್ತವರು ಇಪ್ಪತ್ತೆರಡು ಮಂದಿ. ಅವರಿಗೆ ಅನ್ನ ಸಿಗಬೇಕಾಗಿದ್ದ ದಾರಿಯ ಉಗ್ರಾಣ ಬಾಂಬಿಗೆ ಸುಟ್ಟುಹೋಗಿತ್ತು. ಎರಡು ದಿನದಿಂದ ಕಾಡುಗೆಡ್ಡೆಯ ಹೊರತು ಏನೂ ತಿಂದಿರಲಿಲ್ಲ. ನಮ್ಮ ಮರಗಳ ಕೆಳಗೇ ಡೋಲಿ ಇಳಿಸಿದರು. ಮೂಟೆಗಳ ಕಡೆ ಅವರಲ್ಲಿ ಯಾರೂ ನೋಡಲಿಲ್ಲ. ನೋಡದೆ ಇರಲು ಅವರು ಪಡುತ್ತಿದ್ದ ಪ್ರಯತ್ನವೇ ನಮ್ಮನ್ನು ಇರಿಯುತ್ತಿತ್ತು. ನಮ್ಮ ದಾರಿಯ ಊಟದ ಚೀಲವೂ ಹಿಂದಿನ ದಿನವೇ ತಳ ಕಂಡಿತ್ತು. ಅದನ್ನು ತುಂಬಿಕೊಳ್ಳುವ ಠಾಣೆ ಇನ್ನೂ ಒಂದು ದಿನದ ದಾರಿ ಮುಂದಿತ್ತು.

ಕಣ್ಣಿಗೆ ಬಟ್ಟೆ ಕಟ್ಟಿದ್ದ ಒಬ್ಬ ಸೈನಿಕ ಡೋಲಿಯಲ್ಲಿ ಮಲಗಿದಲ್ಲಿಂದಲೇ ಮುಖವೆತ್ತಿದ. ಮೂಗರಳಿಸಿ, "ಅಕ್ಕಿ ವಾಸನೆ ಬರ್ತಿದೆ" ಎಂದ.

"ಸುಮ್ನಿರಪ್ಪ. ಅದು ಮೇಲೆ ಕಾದಾಡ್ತಿರೋರದು" ಎಂದು ಹೊತ್ತುತಂದವನು ಗದರಿದ.

ಥೀನ್ ದೊಡ್ಡಪ್ಪ ಇಂಬಳ ಕೀಳುತ್ತಿದ್ದವನು ಕೈ ನಿಲ್ಲಿಸಿದ. ಆಮೇಲೆ ಎದ್ದು ತನ್ನ ಸೈಕಲ್ಲಿನ ಬಳಿ ಹೋಗಿ, ಗೊರಬು ಸರಿಸಿ, ಮೇಲಿನ ಮೂಟೆಯ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದ.

ಲ್ವಾನ್ ಓಡಿಬಂದ. "ದೊಡ್ಡಪ್ಪ, ಏನ್ ಮಾಡ್ತಿದೀರಿ! ಕೈ ತೆಗೀರಿ. ಇದನ್ನ ಮುಟ್ಟೋ ಹಕ್ಕು ನಮಗಿಲ್ಲ."

"ಗೊತ್ತು ಕಣಪ್ಪ."

"ಮೇಲೆ ಕಂದಕದಲ್ಲಿ ಕೂತಿರೋರೂ ಹಸಿದೋರೇ. ಅವರ ಬಾಯಿಂದ ಕಿತ್ತು ಇವರಿಗೆ ಹಾಕ್ತೀರಾ?"

ಲ್ವಾನನ ಮಾತಿನಲ್ಲಿ ಸುಳ್ಳಿರಲಿಲ್ಲ. ಥೀನ್ ದೊಡ್ಡಪ್ಪ ಬಾಯಿಂದ ದಾರ ತೆಗೆದು ನಿಧಾನವಾಗಿ ಹೇಳಿದ: "ಅಲ್ಲಿ ಉಣ್ಣಬೇಕಾಗಿದ್ದ ಹೊಟ್ಟೆಗಳೇ ಇಲ್ಲಿಗೆ ಬಂದಿವೆ, ಲ್ವಾನ್. ಘಟ್ಟ ಹತ್ತೋ ಕಷ್ಟ ಒಂದಿಷ್ಟು ತಪ್ಪಿತು ಅಂದ್ಕೋ. ತಪ್ಪಾದ್ರೆ ನನ್ನ ಹೆಸರು ಹೇಳು. ಥೋವಾ, ನೀರಿಡವ್ವ."

ಥೋವಾ ನಾನೇ. ಮುಖಂಡನ ಮುಖ ನೋಡದೆ ನೀರಿಟ್ಟೆ. ಹೊಗೆ ಮೇಲೇಳದಂತೆ ನೆಲದಲ್ಲಿ ಉದ್ದದ ಕಾಲುವೆ ತೋಡಿ, ಎಲೆ ಮುಚ್ಚಿ ಒಲೆ ಹೂಡುವುದರಲ್ಲಿ ದೊಡ್ಡಪ್ಪ ನಿಪುಣ. ಗಂಜಿ ಬೆಂದಿತು. ಅವನು ಆ ಕುರುಡು ಸೈನಿಕನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಊದಿ ಊದಿ, ಒಂದೊಂದೇ ಚಮಚ ಕುಡಿಸಿದ. ದೇಶದ ಮಾತಾಗಲಿ ಧೈರ್ಯದ ಮಾತಾಗಲಿ ಆಡಲಿಲ್ಲ. ಕೇಳಿದ್ದೊಂದೇ: "ಉಪ್ಪು ಸಾಕಾ?"

ಸೈನಿಕ ತಲೆಯಾಡಿಸಿದ. ಕಟ್ಟಿದ ಬಟ್ಟೆಯ ಕೆಳಗಿನಿಂದ ಇಳಿದದ್ದನ್ನು ದೊಡ್ಡಪ್ಪ ತನ್ನ ತೋಳಿನಿಂದ ಒರೆಸಿದ. ಮಳೆನೀರೇ ಇರಬೇಕೆಂಬಂತೆ ಒರೆಸಿದ.

ಮಾರನೆಯ ದಿನ ನಮ್ಮ ಚೀಲ ತುಂಬಿತು. ಅಂದಿನಿಂದ ಪ್ರತಿ ಊಟಕ್ಕೂ ಅವನು ತನ್ನ ಪಾಲಿನ ಹಿಡಿ ಅಕ್ಕಿಯನ್ನು ಬಿಚ್ಚಿದ ಮೂಟೆಗೆ ಸುರಿದು ಗೆಡ್ಡೆಗಳ ಮೇಲೆಯೇ ಬದುಕಿದ. ಎರಡನೆಯ ದಿನ ಗಾಮ್ ಅಕ್ಕ ಗೊಣಗುತ್ತ ತನ್ನದೊಂದು ಹಿಡಿ ಸುರಿದಳು: "ಡ್ರ್ಯಾಗನ್ ಜೊತೆ ಸೇರಿ ನಮಗೂ ಗೆಡ್ಡೆಯ ಯೋಗ!" ಮೂರನೆಯ ದಿನ, ಯಾರೂ ನೋಡುತ್ತಿಲ್ಲವೆಂದುಕೊಂಡು, ಲ್ವಾನನೂ ಬಂದು ಒಂದು ಹಿಡಿ ಸುರಿದು ಹೋದ.

ಆದರೂ ಮೂಟೆ ಮೊದಲಿನಂತಾಗಲಿಲ್ಲ. ಮುಂದಣ ಉಗ್ರಾಣ ಮುಟ್ಟಿದ ಸಂಜೆ ಸಭೆ ಸೇರಿತು. ಇಡೀ ದಾರಿಯಲ್ಲಿ ಒಂದು ಮೂಟೆಯೂ ಹಾಳಾಗದಂತೆ ತಂದವನೆಂದು ಥೀನ್ ದೊಡ್ಡಪ್ಪನ ಹೆಸರನ್ನು ಪದಕಕ್ಕೆ ಬರೆದಾಗಿತ್ತು. ಸೊರಗಿದ ಮೂಟೆ ಕಂಡು ಉಗ್ರಾಣದ ಅಧಿಕಾರಿ ಕಾರಣ ಕೇಳಿದ. ಲ್ವಾನ್ ಎದ್ದುನಿಂತು, ಅವನ ಜನ್ಮದಲ್ಲಿ ಬಹುಶಃ ಅದೇ ಮೊದಲು, ಸುಳ್ಳು ಹೇಳಿದ: "ಮಳೆಯಲ್ಲಿ ನೆನೆದು ಕೆಟ್ಟಿತು. ಕೆಟ್ಟಿದ್ದನ್ನ ಚೆಲ್ಲಬೇಕಾಯ್ತು."

ನಾವೆಲ್ಲ ಉಸಿರು ಬಿಟ್ಟೆವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ದೊಡ್ಡಪ್ಪ ಎದ್ದ. ಅವನು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ನನ್ನ ಅಕ್ಕಿ ನೆನೆದಿಲ್ಲ! ಒಂದು ಕಾಳೂ ನೆನೆದಿಲ್ಲ. ನೆನೆಯೋಕೆ ನಾನು ಬಿಡ್ತೀನಾ? ನಾನು ಬಿಚ್ಚಿದೆ, ಬೇಯಿಸಿದೆ, ಇಳಿದು ಬರ್ತಿದ್ದ ಗಾಯದೋರಿಗೆ ಹಾಕಿದೆ. ಲ್ವಾನ್ ಬೇಡ ಅಂದಿದ್ದ."

ಅಧಿಕಾರಿ ಪಟ್ಟಿಯಲ್ಲಿದ್ದ ಆ ಹೆಸರಿನ ಮೇಲೆ ಗೆರೆ ಎಳೆದ. ಅಪ್ಪಣೆ ಮೀರಿದವನಿಗೆ ಪದಕ ಕೊಡಲಾಗದು ಎಂದ. ಶಿಕ್ಷೆಯ ಮಾತನ್ನೂ ಎತ್ತಲಿಲ್ಲ. ಹೊರಗೆ ಬಂದಮೇಲೆ ನಾನು ಮೆಲ್ಲಗೆ, "ಬೇಜಾರಾಯ್ತಾ ದೊಡ್ಡಪ್ಪ?" ಎಂದೆ. ಇಲ್ಲವೆನ್ನುತ್ತಾನೆಂದುಕೊಂಡಿದ್ದೆ.

"ಆಯ್ತವ್ವ. ಎದೆ ಮೇಲೆ ಏನಾದ್ರೂ ಹೊಳೀಲಿ ಅಂತ ನನಗೂ ಆಸೆ ಇರಲ್ವಾ?" ಎಂದು ಅವನು ನಕ್ಕ. ಆ ನಗೆಯಲ್ಲಿ ಸಂತನ ವೈರಾಗ್ಯವಿರಲಿಲ್ಲ. ಜಾತ್ರೆಯ ಬೊಂಬೆ ಕೈತಪ್ಪಿದ ಮಗುವಿನ ಪೆಚ್ಚಿತ್ತು. ಅದಕ್ಕೇ ನನಗೆ ಅವನು ಇನ್ನೂ ಪ್ರಿಯನಾದ.

ಮೇ ತಿಂಗಳ ಮೊದಲ ವಾರ ನಾವು ನಡುದಾರಿಯ ಉಗ್ರಾಣದಿಂದ ಮತ್ತೆ ಹೇರಿಕೊಂಡು ಹೊಳೆಯೊಂದರ ದಂಡೆಯಲ್ಲಿದ್ದಾಗ ಸುದ್ದಿ ಬಂತು: ಪಾಳೆಯ ಬಿತ್ತು, ಗೆದ್ದೆವು. ಜನ ಕುಣಿದರು, ಅತ್ತರು, ಟೋಪಿಗಳನ್ನು ಹೊಳೆಗೆ ಎಸೆದರು. ಗಾಮ್ ಅಕ್ಕ ಲ್ವಾನನನ್ನೇ ಎತ್ತಿ ತಿರುಗಿಸಿದಳು. ಊರಿಗೆ ಮರಳುವ ಮಾತು ಹಬ್ಬಿತು. ಎಷ್ಟೋ ತಂಡಗಳು ಆ ಮಧ್ಯಾಹ್ನವೇ ಹೊರೆ ಇಳಿಸಿದವು. ಥೀನ್ ದೊಡ್ಡಪ್ಪ ಎಲ್ಲರ ಜೊತೆ ನಕ್ಕ, ಒಬ್ಬರ ಕೈಯಿಂದ ಒಂದು ಗುಟುಕು ಮದ್ಯವನ್ನೂ ಕುಡಿದ. ಆಮೇಲೆ ಬಂದು ಗೂಟಕ್ಕೆ ಬಲಗೈ, ಬಿದಿರಿಗೆ ಎಡಗೈ ಕೊಟ್ಟು ಸೈಕಲ್ಲನ್ನು ಘಟ್ಟದ ಕಡೆಗೆ ತಿರುಗಿಸಿದ.

"ಎಲ್ಲಿಗೆ ದೊಡ್ಡಪ್ಪ? ಯುದ್ಧ ಮುಗೀತು!" ಎಂದು ಕೂಗಿದೆ.

"ಮುಗೀತಲ್ಲ, ಈಗ ಉಣ್ಣೋಕೆ ಪುರಸೊತ್ತಿರುತ್ತೆ. ಗೆದ್ದೋರಿಗೂ ಹೊಟ್ಟೆ ಇದೆ, ಸೋತು ಸಿಕ್ಕಿಬಿದ್ದೋರಿಗೂ ಇದೆ."

ಲ್ವಾನ್ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡು, ಹೋಗಿ ತನ್ನ ಸೈಕಲ್ಲು ಎತ್ತಿದ. ನಾನು ಅಡ್ಡೆ ಹೆಗಲಿಗೇರಿಸಿದೆ. ಹನ್ನೆರಡು ಸೈಕಲ್ಲುಗಳಲ್ಲಿ ಒಂಬತ್ತು ಆ ದಿನ ಘಟ್ಟ ಹತ್ತಿದವು.

ಆಮೇಲೆ ಅವನು ಹದಿನೆಂಟು ವರ್ಷ ಬದುಕಿದ. ಎರಡು ತುಂಡು ಗದ್ದೆ ಮಾಡಿಕೊಂಡು, ಊರಿನ ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಹೊಸ ಅಕ್ಕಿಯ ಮೊದಲ ಬುಟ್ಟಿಯನ್ನು ಅಲ್ಲಿಗೆ ಮುಟ್ಟಿಸುತ್ತ. ಒಂದು ಸುಗ್ಗಿಯ ಬೆಳಗ್ಗೆ, ಒಕ್ಕಿದ ಭತ್ತದ ರಾಶಿಗೆ ಒರಗಿ ಕೂತವನು ಮತ್ತೆ ಏಳಲಿಲ್ಲ.

ಶೂರರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಶೌರ್ಯ ಒಂದು ಗಳಿಗೆಯದಾದ್ದರಿಂದ ಅದನ್ನು ಬರೆಯುವುದೂ ಸುಲಭ. ಥೀನ್ ದೊಡ್ಡಪ್ಪನಂಥವರದು ಬೇರೆ ಕುಲ. ಅವರಿಗೆ ಜಗತ್ತಿನ ಭೂಗೋಳ ಬಹಳ ಸರಳ: ಬೆಟ್ಟದ ಈಚೆ ಅನ್ನವಿದೆ, ಆಚೆ ಹಸಿವಿದೆ, ನಡುವೆ ದಾರಿಯಿದೆ. ಆ ದಾರಿಯಲ್ಲಿ ಯಾರ ಬಾವುಟ ಹಾರುತ್ತಿದೆಯೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಬಾವುಟ ನೋಡಲು ಕತ್ತೆತ್ತುವ ಮೊದಲು ಎದುರಿಗಿರುವವನು ಉಂಡನೋ ಇಲ್ಲವೋ ಎಂದು ಅವರ ಕಣ್ಣು ಹುಡುಕುತ್ತದೆ. ಒಮ್ಮೆ ತಮ್ಮವರಿಗೆ ಮುಟ್ಟಿಸಲಾಗದೆ ಹೋದ ತುತ್ತನ್ನು ಅವರು ಆಯುಷ್ಯವಿಡೀ ಪರರಿಗೆ ಮುಟ್ಟಿಸುತ್ತ ಹೋಗುತ್ತಾರೆ. ಮುಟ್ಟಿಸಿ, ಉಪ್ಪು ಸಾಕಾಯಿತೇ ಎಂದು ಕೇಳುತ್ತಾರೆ. ಇಷ್ಟು ಯುದ್ಧಗಳಾದ ಮೇಲೂ ಮನುಷ್ಯಕುಲ ನಾಶವಾಗದೆ ಉಳಿದಿರುವುದಕ್ಕೆ ಪಂಡಿತರು ಏನೇನೋ ಕಾರಣ ಹೇಳುತ್ತಾರೆ. ನನಗೆ ತಿಳಿದ ಕಾರಣ ಇವರೇ.